ಬೋರ್ಡಿಗೆ ಬಾರದ ಜಾಹೀರಾತು

ಮೊನ್ನೆ ನಾನು ಕೆಲಸ ಮಾಡುವ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಬೈಂಡಾದ ಹಳೇ ಪತ್ರಿಕೆಗಳು ಬಂದವು. ಕಟ್ಟು ಬಿಚ್ಚಿದರೆ ಮೈದಾ ಅಂಟಿನ ಹುಳಿ ವಾಸನೆ. ಅಲ್ಲೇ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಚನ್ನಪಟ್ಟಣದಲ್ಲಿ ನಾನು ಓದಿದ ಕಾಲೇಜಿನ ಲೈಬ್ರರಿ ಸರ್ ನೆನಪಾದರು...

ಅವರು ಅಲ್ಲಿ ಅತಿಥಿ ಗ್ರಂಥಪಾಲಕರು. ಪ್ರತಿ ಜೂನ್‌ನಲ್ಲೂ ಮುಂದುವರಿಸುತ್ತಾರೋ ಇಲ್ಲವೋ ಎಂದು ಪ್ರಿನ್ಸಿಪಾಲರ ಮುಖ ನೋಡುತ್ತಲೇ ತಲೆ ಬೆಳ್ಳಗಾಗಿತ್ತು. ಇಂಥಾ ಅತಿಥಿ ಎಲ್ಲಾದರೂ ಉಂಟೇ! ಬೆಳಿಗ್ಗೆ ಬಂದವರೇ ಪತ್ರಿಕೆಗಳಲ್ಲಿ ಕೆಲಸದ ಜಾಹೀರಾತು ಹುಡುಕಿ, ಕತ್ತರಿಸಿ, ಮನೆಯಲ್ಲಿ ಕಾಯಿಸಿ ತಂದ ಮೈದಾ ಅಂಟಿನಿಂದ ಬೋರ್ಡಿಗೆ ಅಂಟಿಸುತ್ತಿದ್ದರು. ಕೊನೆಯ ದಿನಾಂಕದ ಕೆಳಗೆ ಕೆಂಪು ಗೆರೆ. ಯಾವ ವಿಶ್ವವಿದ್ಯಾಲಯದಲ್ಲಿ ಯಾವ ಹುದ್ದೆ ಖಾಲಿ ಇದೆ ಎಂದು ನೋಡಲು ಓದು ಮುಗಿಸಿದವರೂ ರಾಮನಗರ, ಕನಕಪುರದಿಂದ ಬರುತ್ತಿದ್ದರು. ಕೈಯಲ್ಲಿ ಫೋನಿದ್ದರೂ ನಮಗೆ ಸರ್ ಬೋರ್ಡೇ ಪ್ರಮಾಣ. ಅಲ್ಲಿ ಇಲ್ಲವೆಂದರೆ ಲೋಕದಲ್ಲೇ ಇಲ್ಲ.

ಗ್ರಂಥಾಲಯ ವಿಜ್ಞಾನ ಓದು ಎಂದು ನನ್ನ ಬೆನ್ನು ಬಿದ್ದವರೂ ಅವರೇ. ರೇಷ್ಮೆ ನೂಲು ತೆಗೆಯುವ ಮನೆಯ ಹುಡುಗಿ ನಾನು. ಅಂಥದ್ದೊಂದು ಓದು ಇದೆಯೆಂದೇ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಓದಿ, ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿ, ಎರಡು ವರ್ಷ ಆ ಬೋರ್ಡನ್ನೇ ನೋಡಿದೆ.

ಒಂದು ಮಧ್ಯಾಹ್ನ ಮಾಗಡಿಯ ಗೆಳತಿ ಫೋನ್ ಮಾಡಿದಳು. "ಯೂನಿವರ್ಸಿಟೀಲಿ ಅಸಿಸ್ಟೆಂಟ್ ಲೈಬ್ರೇರಿಯನ್ ಪೋಸ್ಟು ಕಣೆ, ಇರದು ಒಂದೇ. ಇವತ್ತೇ ಲಾಸ್ಟ್ ಡೇಟು. ಹಾಕಿದ್ಯಾ ತಾನೆ?"

ಹಾಕುವುದಿರಲಿ, ಅಂಥದ್ದೊಂದು ಹುದ್ದೆ ಕರೆದದ್ದೇ ನನಗೆ ಗೊತ್ತಿರಲಿಲ್ಲ. ಕಾಲೇಜಿಗೆ ಓಡಿದೆ. ಬೋರ್ಡಿನಲ್ಲಿ ಇರಲಿಲ್ಲ. ಹಳೇ ಪತ್ರಿಕೆಗಳನ್ನು ತಿರುವಿ ಹಾಕಿದರೆ, ಹಿಂದಿನ ತಿಂಗಳ ಒಂದು ಪುಟದಲ್ಲಿ ಚೌಕಾಕಾರದ ತೂತು; ಆ ಅಳತೆಯ ತುಂಡು ಬೋರ್ಡಿನಲ್ಲಿಲ್ಲ. ಅಷ್ಟು ನೀಟಾಗಿ ಕತ್ತರಿಸುವವರು ಅಲ್ಲಿ ಒಬ್ಬರೇ. ಆ ಪುಟವನ್ನು ಸರ್ ಮುಂದೆ ಹಿಡಿದೆ. ಅವರು ಜೇಬಿನಿಂದ ಮಡಿಸಿದ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಮುಂದಿನ್ ತಿಂಗ್ಳು ನಂಗೆ ಅರ್ಜಿ ಹಾಕೋ ವಯಸ್ಸು ಮೀರೋಯ್ತದೆ ಕಣಮ್ಮ. ಇದೇ ಕೊನೇದು. ನೀನೂ ಹಾಕುದ್ರೆ ನಂಗೆಲ್ಲಿ ಸಿಕ್ತದೆ ಅಂತ... ತೆಪ್ಪಾಗೋಯ್ತು."

ಬೇರೆ ಯಾರೇ ಮಾಡಿದ್ದರೂ ನಂಬುತ್ತಿದ್ದೆ, ಇವರು! "ನಂಬ್ಸಿ ಕತ್ತು ಕುಯ್ದ್‌ಬುಟ್ರಲ್ಲ ಸರ್!" ಎಂದು ಇಡೀ ಲೈಬ್ರರಿಗೆ ಕೇಳುವಂತೆ ಕೂಗಿದೆ. ಅವರು ಕಂಪ್ಯೂಟರ್ ಆನ್ ಮಾಡಿ, "ಒಸಿ ಕೂತ್ಕೊಮ್ಮ. ಇನ್ನೂ ಟೈಮೈತೆ. ಸರ್ಟಿಫಿಕೇಟೆಲ್ಲ ಫೋನಲ್ಲಿ ಐತಾ?" ಎಂದರು. ನಾನು ಫೋನನ್ನು ಅವರ ಮುಂದೆ ಕುಕ್ಕಿದೆ. ಅರ್ಜಿ ಪೂರ್ತಿ ಅವರೇ ತುಂಬಿದರು. ಎರಡು ಸಲ ಸರ್ವರ್ ಕೈಕೊಟ್ಟರೂ ಮತ್ತೆ ಮೊದಲಿಂದ ತುಂಬಿದರು. ಅರ್ಜಿ ಸ್ವೀಕೃತವಾಯಿತು ಎಂದು ಬಂದ ಮೇಲೇ ಎದ್ದು ನೀರು ಕುಡಿದರು. ನಾನು ಥ್ಯಾಂಕ್ಸ್ ಕೂಡ ಹೇಳದೆ ಹೊರಟೆ.

ಸಂದರ್ಶನದ ದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿದ್ದೆವು. ಅವರು ನಕ್ಕರು, ನಾನು ಮುಖ ತಿರುಗಿಸಿದೆ. ಕೆಲಸ ನನಗಾಯಿತು. ಸರ್ ಜಾಹೀರಾತು ಬಚ್ಚಿಟ್ಟ ಕಥೆ ಅಷ್ಟರಲ್ಲಿ ಪ್ರಿನ್ಸಿಪಾಲರ ಕಿವಿಗೂ ಬಿದ್ದಿತ್ತು. ಆ ಜೂನ್‌ನಲ್ಲಿ ಅವರನ್ನು ಮುಂದುವರಿಸಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ. ಜಾಹೀರಾತು ಬಚ್ಚಿಟ್ಟರೆಂದು ಕಂಡಕಂಡವರಿಗೆ ಹೇಳಿಕೊಂಡು ತಿರುಗಿದವಳು ನಾನೇ. ನನ್ನ ಅರ್ಜಿ ತುಂಬಿದವರೂ ಅವರೇ ಎಂಬುದನ್ನು ಮಾತ್ರ ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.