ಅಟ್ಟದಲ್ಲಿ ಮರಿ ಹಾಕಿದ ಬೆಕ್ಕು

ಬಿಳಿಗೆರೆಯ ಹತ್ತಿರ ನಮ್ಮದೊಂದು ಹಳೆಯ ಹೆಂಚಿನ ಮನೆ. ಅಪ್ಪ ಮತ್ತು ಚಿಕ್ಕಪ್ಪ ಪಾಲಾದಾಗ ನಡುಮನೆಗೆ ಗೋಡೆ ಎದ್ದಿತು. ಅಟ್ಟಕ್ಕೆ ಗೋಡೆ ಕಟ್ಟಲಾಗಲಿಲ್ಲ. ತೊಲೆಗಳು ಭಾರ ತಡೆಯುವುದಿಲ್ಲ ಎಂದು ಗಾರೆಯವರು ಹೇಳಿದರು. ಹಾಗಾಗಿ ತೆಂಗಿನ ಗರಿಯ ತಡಿಕೆಯೊಂದನ್ನು ನಿಲ್ಲಿಸಿ, ಆ ಕಡೆ ಅವರ ಕಾಯಿ, ಈ ಕಡೆ ನಮ್ಮ ಕಾಯಿ ರಾಶಿ ಹಾಕಿದರು. ಕೊಬ್ಬರಿಯಾಗಲು ಕಾಯಿ ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಇರಬೇಕು. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಅದಕ್ಕಿಂತ ಹೆಚ್ಚು ಕಾಲವಾಗಿತ್ತು. ಏನಾದರೂ ತಿಳಿಸಬೇಕಾದರೆ ಅಪ್ಪ ನನಗೆ ಹೇಳುತ್ತಿದ್ದರು, ನಾನು ಚಿಕ್ಕಪ್ಪನಿಗೆ. ಇಬ್ಬರ ಮಾತನ್ನೂ ಮೆತ್ತಗೆ ಮಾಡಿ ದಾಟಿಸಿ ದಾಟಿಸಿ ನನಗೆ ಸಾಕಾಗಿತ್ತು.

ಈ ಬೇಸಿಗೆಯ ಕೊನೆಗೆ ಬೂದು ಬಣ್ಣದ ಬೆಕ್ಕೊಂದು ನಮ್ಮ ಕಾಯಿರಾಶಿಯ ಸಂದಿನಲ್ಲಿ, ತಡಿಕೆಗೆ ಒತ್ತಿಕೊಂಡು, ಮರಿ ಹಾಕಿತು. ಇಲಿ ಹಿಡಿಯುತ್ತದೆ ಎಂದು ಅಪ್ಪ ಓಡಿಸಲಿಲ್ಲ. ಆದರೆ ನಾನು ತಿಪಟೂರಿನ ಕಾಲೇಜಿನಲ್ಲಿ ಪಾಠ ಮುಗಿಸಿ ಬಸ್ಸಿಳಿದು ಬರುವ ಹೊತ್ತಿಗೆ ಅವರು ದಿನವೂ ಅಟ್ಟದಲ್ಲೇ ಇರುತ್ತಿದ್ದರು. ಇಲಿಗಾಗಿ ಯಾರೂ ಅಷ್ಟು ಹೊತ್ತು ಕೂರುವುದಿಲ್ಲ.

ನಾನೂ ಹತ್ತಿ, ಅಂಚಿನಲ್ಲಿ ಅವರ ಪಕ್ಕ ಕೂರತೊಡಗಿದೆ. ಕಣ್ಣು ತೆರೆಯದ ಮರಿಗಳು ಒಂದರ ಮೇಲೊಂದು ಹತ್ತಿ ಬೀಳುತ್ತಿದ್ದವು. ತಾಯಿ ನಮ್ಮನ್ನು ಅರೆಗಣ್ಣಿನಲ್ಲಿ ನೋಡಿ ಸುಮ್ಮನಾಗುತ್ತಿತ್ತು. ಮನುಷ್ಯರನ್ನು ಅಷ್ಟು ಹೊತ್ತು ದಿಟ್ಟಿಸಿದರೆ ಏನೆಂದು ಕೇಳುತ್ತಾರೆ. ಬೆಕ್ಕು ಕೇಳುವುದಿಲ್ಲ, ನೋಡುತ್ತಿರುವವರೂ ಒಬ್ಬರಿಗೊಬ್ಬರು ಏನೂ ಹೇಳಬೇಕಾಗಿಲ್ಲ. ಪ್ರಾಣಿಗಳನ್ನು ನೋಡುವ ಸುಖದಲ್ಲಿ ದೊಡ್ಡ ಪಾಲು ಇದೇ ಇರಬಹುದು.

ಒಂದು ಸಂಜೆ ತಡಿಕೆಯ ತೂತಿನಲ್ಲಿ ಇನ್ನೆರಡು ಕಣ್ಣು ಕಂಡವು. ಚಿಕ್ಕಪ್ಪ, ಅವರ ಏಣಿಯ ಮೇಲೆ. ಅಪ್ಪನೂ ಗಮನಿಸಿದರು, ಇಳಿದು ಹೋಗಲಿಲ್ಲ. ಇಬ್ಬರೂ ಬೆಕ್ಕನ್ನೇ ನೋಡಿದರು. ಹಲವು ಸಂಜೆ ಹೀಗೇ ನಡೆಯಿತು.

"ಬೆಕ್ಕಿನ ಬಾಣಂತನಕ್ಕೆ ಅಲ್ಲೇ ಹಾಸಿಗೆ ಹಾಕ್ಲೇನ್ರೀ?" ಎಂದು ಕೆಳಗಿನಿಂದ ಅಮ್ಮ ಕೂಗುತ್ತಿದ್ದರು.

ಮರಿಗಳು ಕಣ್ಣು ಬಿಟ್ಟ ದಿನ, ಚೆನ್ನಾಗಿ ಕಾಣಲೆಂದು ಚಿಕ್ಕಪ್ಪ ತಡಿಕೆಯ ಗರಿಯೊಂದನ್ನು ಎಳೆದರು. ಅದಕ್ಕೆ ಒರಗಿದ್ದ ನಮ್ಮ ಕಾಯಿಗಳು ದಡದಡನೆ ಉರುಳಿ ಅವರ ರಾಶಿ ಸೇರಿದವು. ಇನ್ನು ಯಾವುದು ಯಾರದೆಂದು ಹೇಳುವಂತಿರಲಿಲ್ಲ. ಇದಕ್ಕಿಂತ ಸಣ್ಣ ವಿಷಯಕ್ಕೆ ಜಗಳವಾದದ್ದನ್ನು ನಾನು ನೋಡಿದ್ದೆ. ಅಪ್ಪನ ಮುಖವನ್ನೇ ನೋಡುತ್ತ ಕುಳಿತೆ.

"ಸದ್ದು ಮಾಡ್ಬ್ಯಾಡ ಕಣ್ಲಾ, ಹೆದರ್ಕತ್ತದೆ," ಎಂದರು ಅಪ್ಪ, ತಡಿಕೆಯ ಆ ಕಡೆಗೆ.

ಎಳೆದ ಗರಿಯನ್ನು ಚಿಕ್ಕಪ್ಪ ಮೆಲ್ಲಗೆ ಕೆಳಗಿಟ್ಟರು. ಆಮೇಲೆ, "ನಿನ್ ಕಾಯಿ ಈ ಕಡೆ ಬಂದ್ಬುಟ್ವು," ಎಂದರು.

"ಬರ್ಲಿ ಬುಡು. ಆ ಕರೀದು ನೋಡ್ಲಾ, ಥೇಟ್ ನಿನ್ನಂಗೇ. ಕಣ್ಣು ಬುಡ್ತಿದ್ದಂಗೇ ತಡಿಕೆ ಕೀಳಕ್ಕೆ ಹೊಂಟದೆ."

ಚಿಕ್ಕಪ್ಪ ನಕ್ಕದ್ದು ಕೇಳಿಸಿತು.

ಆಮೇಲೂ ಅವರ ಮಾತು ಬೆಕ್ಕಿನಾಚೆ ಹೋಗಲಿಲ್ಲ. ಒಂದು ಬೆಳಗ್ಗೆ ತಾಯಿ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಎಲ್ಲಿಗೋ ಸಾಗಿಸಿಬಿಟ್ಟಿತು. ಮಾತಿಗೆ ಇದ್ದ ಒಂದೇ ನೆಪ ಹೋಯಿತಲ್ಲ ಎಂದು ನಾನು ದಿನವಿಡೀ ಕಾಲೇಜಿನಲ್ಲಿ ಯೋಚಿಸಿದೆ. ಸಂಜೆ ನಾನು ಮನೆಗೆ ಬಂದಾಗ ಅಪ್ಪ ಜಗುಲಿಯಲ್ಲಿ ಸುಮ್ಮನೆ ಕುಳಿತಿದ್ದರು. ಗೋಡೆ ಎದ್ದ ಮೇಲೆ ನಮ್ಮ ಅಂಗಳಕ್ಕೆ ಕಾಲಿಡದ ಚಿಕ್ಕಪ್ಪ ಬಂದು ನಿಂತರು.

"ನಮ್ ಕೊಟ್ಟಿಗೇಲವೆ ಕಣಣ್ಣ, ಸೌದೆ ಹಿಂದೆ. ಬಾ, ನೋಡೀವಂತೆ."

ಅಪ್ಪ ಎದ್ದು ಅವರ ಜೊತೆ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ. ನಾನು ಚೀಲವನ್ನು ಕೆಳಗಿಟ್ಟು, ನೆಮ್ಮದಿಯಾಗಿ ಕಾಫಿ ಕುಡಿದೆ.