ಚಿವುಟದೆ ಬಿಟ್ಟ ಕಾಮಕಸ್ತೂರಿ

ಕಳೆದ ವಾರ ಮಗಳ ಮನೆಗೆಂದು ಯಲಬುರ್ಗಾ ಬಸ್ಸು ಹತ್ತಿದ್ದೆ. ಮುಂದಿನ ಸೀಟಿನ ಹೆಂಗಸಿನ ಮುಡಿಯಲ್ಲಿ ಮಲ್ಲಿಗೆಯ ನಡುನಡುವೆ ಕಾಮಕಸ್ತೂರಿ ಸೇರಿಸಿ ಕಟ್ಟಿದ ಮಾಲೆ. ಆ ವಾಸನೆ ಮೂಗಿಗೆ ಬಂದದ್ದೇ ತಡ, ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಪಕ್ಕದ ತೋಟದಾಕೆ ನೆನಪಾದಳು...

ಕುಷ್ಟಗಿ ಕಡೆ ನಮ್ಮ ದಾಳಿಂಬೆ ತೋಟಕ್ಕೂ ಆಕೆಯದಕ್ಕೂ ನಡುವೆ ಒಂದೇ ಬದು. ಆ ಬದುವಿನ ಉದ್ದಕ್ಕೂ, ತನ್ನ ಮಗ್ಗುಲಿಗೆ, ಆಕೆ ಕಾಮಕಸ್ತೂರಿ ಗಿಡ ಹಚ್ಚಿದ್ದಳು. ನಾವೆಲ್ಲ ಅದರ ತೆನೆ ಮೂಡಿದರೆ ಸಾಕು, ಚಿವುಟಿ ಮಾಲೆಗೆ ಕಟ್ಟುತ್ತೇವೆ, ದೇವರಿಗೆ ಏರಿಸುತ್ತೇವೆ. ಆಕೆ ಮಾತ್ರ ಒಂದು ಕುಡಿಯನ್ನೂ ಮುಟ್ಟುತ್ತಿರಲಿಲ್ಲ. ಬಿಳಿ ಹೂ ಬಿಟ್ಟು, ಬಾಡಿ, ಬೀಜವಾಗುವವರೆಗೂ ಹಾಗೇ ಬಿಡುವಳು. ಬೆಳಗಾದರೆ ಆ ಬದುವಿನ ತುಂಬ ಜೇನುಹುಳಗಳ ಸದ್ದು. ಅಲ್ಲಿಂದ ಅವು ಆಕೆಯ ದಾಳಿಂಬೆ ಹೂವಿಗೆ ಹಾರುತ್ತಿದ್ದವು. ಆಕೆಯ ಗಿಡಗಳು ಕಾಯಿಯ ಭಾರಕ್ಕೆ ಬಾಗುತ್ತಿದ್ದವು. ನನಗೆ ನೋಡಲಾಗುತ್ತಿರಲಿಲ್ಲ.

ಹುಳ ಹೋದರೆ ಹೋಗಲಿ, ನನ್ನ ಮಗಳೂ ಅಲ್ಲಿಗೇ ಹೋಗುತ್ತಿದ್ದಳಲ್ಲ! ಶಾಲೆ ಬಿಟ್ಟೊಡನೆ ಪಾಟಿಚೀಲವನ್ನು ತೋಟದ ಮನೆಯ ಕಟ್ಟೆಯ ಮೇಲೆ ಒಗೆದು, "ದೊಡ್ಡವ್ವಾ" ಎಂದು ಕೂಗುತ್ತ ಬದುವಿಗೆ ಓಡುವಳು. ನಾನು ಸುಟ್ಟ ಬಿಸಿ ರೊಟ್ಟಿ ಅವಳಿಗೆ ಸೇರದು, ಆಕೆಯ ಬುತ್ತಿಯ ಆರಿದ ರೊಟ್ಟಿಯೇ ಅಮೃತ. ಬಳಗವಲ್ಲ, ನಂಟಲ್ಲ, ಆದರೂ ದೊಡ್ಡವ್ವ! ಹೆತ್ತವಳಿಗೆ ಉರಿಯದೆ ಇರುತ್ತದೆಯೇ?

ಕೊನೆಗೆ ನಮ್ಮ ಮಗ್ಗುಲಿಗೆ ನಾನೂ ಕಾಮಕಸ್ತೂರಿ ಹಚ್ಚಿದೆ, ಆಕೆಗಿಂತ ಹೆಚ್ಚೇ. ದಿನಾ ಬೆಳಗ್ಗೆ ತೆನೆ ಚಿವುಟಿ ಗಿಡಗಳನ್ನು ಗುಂಡಗೆ, ಹಸಿರಾಗಿ ಇಟ್ಟೆ. ನೋಡಲು ಚೆಂದವೋ ಚೆಂದ. ಒಂದು ಹುಳವೂ ಇತ್ತ ಸುಳಿಯಲಿಲ್ಲ. ಮಗಳೂ ಅಷ್ಟೇ.

ಒಂದು ದಿನ ಬದುವಿನ ಆಚೆಯಿಂದ ಆಕೆ ಅಂದಳು, "ತೆನಿ ಚೂಟಬ್ಯಾಡವಾ ತಂಗಿ. ಹೂವಾ ಇಲ್ಲಂದ್ರ ಹುಳ ಯಾಕ ಬರ್ತಾವ?"

"ನಿಮ್ಮ ಕಡೆ ಅದಾವಲ್ರಿ ಅಕ್ಕಾರ, ಹುಳಾನೂ, ನನ್ನ ಮಗಳೂ. ಎಲ್ಲಾ ನೀವ ಇಟ್ಕೊಳ್ರಿ."

ಆಕೆ ನಕ್ಕಳು. ನನ್ನ ಮಾತು ಚುಚ್ಚಿತೋ ಇಲ್ಲವೋ... ಅಂದು ಸಂಜೆ ಮಗಳನ್ನು ತಾನೇ ಕೈಹಿಡಿದು ಕರೆತಂದು ನನ್ನ ಮುಂದೆ ನಿಲ್ಲಿಸಿ ಹೋದಳು. ಅದಕ್ಕೂ ನನಗೆ ಸಿಟ್ಟು ಬಂತು. ನನ್ನ ಮಗಳನ್ನು ನನಗೆ ಕೊಡಲು ಇವಳಾರು?

ಹೋದ ವರ್ಷ ಆಕೆ ತೀರಿಕೊಂಡಳು. ತೋಟ ಬೇರೆಯವರ ಕೈಗೆ ಹೋಯಿತು, ಅವರು ಬದುವನ್ನು ಬೋಳಾಗಿಸಿದರು.

ಯಲಬುರ್ಗಾ ಮುಟ್ಟಿ ನೋಡುತ್ತೇನೆ, ಮಗಳ ಅಂಗಳದಲ್ಲಿ ಸಾಲಾಗಿ ಕಾಮಕಸ್ತೂರಿ. ಹೂವಿನ ಮೇಲೆಲ್ಲ ಹುಳ. ರೂಢಿಯಂತೆ ನನ್ನ ಕೈ ತೆನೆಗೆ ಹೋಯಿತು.

"ಚೂಟಬ್ಯಾಡ ಬೇ ಯವ್ವಾ," ಬಾಗಿಲಿನಿಂದ ಮಗಳು ಕೂಗಿದಳು. "ದೊಡ್ಡವ್ವ ಬೈತಾಳ!"

ಬೈತಾಳಂತೆ. ಸತ್ತ ಮೇಲೂ ಆಕೆಯದೇ ಮಾತು ನಡೆಯಬೇಕು. ಹೊಟ್ಟೆ ಮತ್ತೆ ಉರಿಯಿತು... ಎದುರಾಡೋಣವೆಂದರೆ, ಬದುವಿನ ಆಚೆ ನಿಂತು ನಗುವುದಕ್ಕೆ ಆಕೆಯೇ ಇಲ್ಲ.