ಸೆರಗಿನ ಗಂಟಿಗೆ ಬಂದ ದಿಬ್ಬಣ

ಕಾಪುವಿನ ಕಡಲ ಬದಿಯ ಮರಳು ಮಣ್ಣಿನ ಹೊಯಿಗೆ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಬರ್ತಾಬಾಯಿ ನೆಲಗಡಲೆ ಬಿತ್ತುತ್ತಿದ್ದಳು. ಕಾರ್ಕಳದಿಂದ ಮದುವೆಯಾಗಿ ಬಂದವಳು. ಗಂಡ ತೀರಿಕೊಂಡ ಮೇಲೂ ಬೇಸಾಯ ಬಿಟ್ಟವಳಲ್ಲ. ಹಿಂದಿನ ವರ್ಷ ಎಲೆ ತಿನ್ನುವ ಹುಳಕ್ಕೆಂದು ಮೈದುನ ರೊಸಾರಿಯೊ ವಿಷ ಹೊಡೆಸಿದ್ದ. ಸತ್ತ ಹುಳ ಹೆಕ್ಕಿದ ಕೋಳಿಗಳೆಲ್ಲ ಅಂಗಳದಲ್ಲೇ ಕಾಲು ಚಾಚಿದವು. ಗದ್ದೆಯ ಅಂಚಿನಲ್ಲೇ ಕುಡಿಯುವ ನೀರಿನ ಬಾವಿ. ಅಂದಿನಿಂದ ಅವಳದು ಒಂದೇ ಹಟ: ಇನ್ನು ವಿಷ ಬೇಡ.

ಎಂಬತ್ತಾರನೇ ಇಸವಿಯಲ್ಲಿ ಕೃಷಿ ಆಫೀಸಿನವರೊಬ್ಬರು ಬಂದು, ಪ್ಲಾಸ್ಟಿಕ್ ಚೀಲ ಜೋತಾಡುವ ಬೋನೊಂದನ್ನು ಗದ್ದೆಯಲ್ಲಿ ನೆಟ್ಟು, ಅದರ ಮುಚ್ಚಳದಡಿ ಕಡಲೆಬೀಜದಷ್ಟು ರಬ್ಬರು ತುಂಡು ಸಿಕ್ಕಿಸಿದರು.

"ಎಲೆ ತಿನ್ನುವ ಹುಳ ಪತಂಗದ ಮರಿ. ಹೆಣ್ಣು ಪತಂಗ ಗಂಡನ್ನು ಕರೆಯುವ ವಾಸನೆ ಇದರಲ್ಲುಂಟು. ಗಂಡು ಬಂದು ಚೀಲಕ್ಕೆ ಬೀಳುತ್ತದೆ. ಬೀಳುವುದು ಹೆಚ್ಚಾದ ಕೂಡಲೇ ಎಲೆಯಡಿ ಮೊಟ್ಟೆ ಹುಡುಕಿ ಕಿತ್ತುಬಿಡಿ."

ಮುಂದಿನ ತಿಂಗಳಿಗೆಂದು ಇನ್ನೊಂದು ತುಂಡನ್ನೂ ಕೊಟ್ಟರು. ಬರ್ತಾ ಅದರ ಕಾಗದ ಬಿಚ್ಚಿ ಮೂಸಿದಳು. ಏನೂ ಇಲ್ಲ. ಚಿಲ್ಲರೆ, ಬೀಗದ ಕೈ ಕಟ್ಟುವ ಸೆರಗಿನ ಗಂಟಿಗೇ ಅದನ್ನೂ ಸೇರಿಸಿದಳು.

ಚೀಲದಲ್ಲಿ ಪತಂಗ ಬೀಳತೊಡಗಿದವು. ರೊಸಾರಿಯೊ ನಂಬಲಿಲ್ಲ.

"ಎಂತ ಅತ್ತಿಗೆ, ಕಳ್ಳಿನ ಮಡಕೆಗೂ ನೊಣ ಬೀಳುತ್ತದೆ, ಅಲ್ವಾ? ರಬ್ಬರಿಗೆ ಬಂದದ್ದೆಂದು ಕಂಡವರು ಯಾರು? ನಾಳೆ ಬೆಳಿಗ್ಗೆ ವಿಷ ಹೊಡೆಯುವ ಪಂಪು ತರುತ್ತೇನೆ."

ಗದ್ದೆ ಇಬ್ಬರದೂ. ಬರ್ತಾ ಬಾವಿಯ ಕಡೆ ನೋಡಿದಳು.

ಆ ಸಂಜೆ ಅವಳು ಮಿಂದು, ಉಟ್ಟಿದ್ದ ಸೀರೆಯನ್ನು ಗಂಟಿನ ಸಮೇತ ಚಾವಡಿಯ ಹಗ್ಗಕ್ಕೆ ಹಾಕಿ, ಶಿಲುಬೆಯ ಮುಂದೆ ದೀಪ ಹಚ್ಚಿ ಪ್ರಾರ್ಥನೆಗೆ ಕೂತಳು. ಪಕ್ಕದಲ್ಲಿ ರೊಸಾರಿಯೊ. ಮೀನು ಮಾರುವ ನೆರೆಮನೆಯ ಸುಂದರಿ ಬುಟ್ಟಿ ಇಳಿಸಿ ಮೆಟ್ಟಿಲಲ್ಲಿ ದಣಿವಾರಿಸುತ್ತಿದ್ದಳು. ಹಸಿರು ಜಿಗಿಹುಳಗಳು ದೀಪಕ್ಕೆ ಮುತ್ತಿದವು. ಅವುಗಳ ಹಿಂದೆ ಕಂದು ಪತಂಗಗಳು ಬಂದವು, ಚೀಲದಲ್ಲಿ ಬಿದ್ದಿದ್ದಂಥವೇ. ಅವು ದೀಪದ ಕಡೆ ತಿರುಗಲೇ ಇಲ್ಲ. ನೇರ ಹೋಗಿ ಸೀರೆಯ ಗಂಟಿನ ಸುತ್ತ ರೆಕ್ಕೆ ನಡುಗಿಸುತ್ತ ಸುತ್ತಿದವು.

ಪ್ರಾರ್ಥನೆ ಅರ್ಧಕ್ಕೇ ನಿಂತಿತು.

"ಅಯ್ಯೋ ಬಾಯಮ್ಮ, ಈ ಪ್ರಾಯದಲ್ಲಿ ನಿಮ್ಮ ಸೀರೆಗೆ ಮದುಮಗಂದಿರ ದಿಬ್ಬಣವೇ ಬಂತಲ್ಲ ಮಾರಾಯ್ರೆ!" ಎಂದಳು ಸುಂದರಿ.

ರೊಸಾರಿಯೊ ಎದ್ದು ಸೀರೆಯನ್ನು ಚಾವಡಿಯ ಆಚೆ ತುದಿಗೆ ಒಯ್ದ. ಅವು ಹಿಂದೆಯೇ ಹೋದವು. ಗಂಟನ್ನು ಮೂಗಿಗೆ ಹಿಡಿದ.

"ನನಗೆ ಎಂತ ವಾಸನೆಯೂ ಬರುವುದಿಲ್ಲ."

"ಕರೆದದ್ದು ನಿನ್ನನ್ನಲ್ಲವಲ್ಲ," ಎಂದಳು ಬರ್ತಾ. ಹೇಳಿದ ಮೇಲೆ ಅವಳ ಮೈಯೇ ಜುಮ್ಮೆಂದಿತು. ಹೊರಗೆ ಅಷ್ಟು ದೊಡ್ಡ ಕತ್ತಲೆ, ಕಡಲಿನ ಬೊಬ್ಬೆ. ಅದರೊಳಗೆ ದನಿಯೇ ಇಲ್ಲದ ಒಂದು ಕರೆ. ಅದನ್ನೂ ಕೇಳಿ ಬರುವವರು ಇದ್ದಾರಲ್ಲ!

ಮರುದಿನ ಪಂಪು ಬರಲಿಲ್ಲ. ರೊಸಾರಿಯೊ ಲುಂಗಿ ಎತ್ತಿ ಕಟ್ಟಿ, ಸಾಲಿನಲ್ಲಿ ಬಗ್ಗಿ, ಎಲೆ ಮಗುಚಿ ಮೊಟ್ಟೆಗಳ ಗುಂಪು ಕೀಳುತ್ತಿದ್ದ. ಬರ್ತಾ ಬಾವಿಯಿಂದ ಒಂದು ಚೆಂಬು ನೀರು ಸೇದಿ ತಂದಳು. ಅವನು ಕತ್ತೆತ್ತಿ ಗಟಗಟ ಕುಡಿದ.